ಟಿವಿಯಲ್ಲಿ ಸಾಯುವ ಪಕ್ಕದ ಮನೆ ಅಂಕಲ್

ನಮ್ಮ ಮನೆಯಲ್ಲಿ ಇಂಥವು ಆಗ್ತಾನೇ ಇರ್ತವೆ. ಅರ್ಧ ನಾನು ಮಾಡಿದ್ದು, ಇನ್ನರ್ಧ ತಾವಾಗಿಯೇ ಆದದ್ದು. ಬೈಗುಳ ಮಾತ್ರ ಪೂರ್ತಿ ನನಗೆ. ನಾವಿರೋದು ಅಮೆರಿಕದ ಟೆಕ್ಸಾಸ್‌ನಲ್ಲಿ, ಯೂಲೆಸ್ ಅನ್ನೋ ಊರಲ್ಲಿ. ತಲೆಯ ಮೇಲೆ ಡಲ್ಲಾಸ್ ಏರ್‌ಪೋರ್ಟಿನ ವಿಮಾನ ಹೋದಾಗಲೆಲ್ಲ ಮಾತು ನಿಲ್ಲಿಸಬೇಕು. ಹುಬ್ಬಳ್ಳಿಯ ನಮ್ಮ ಆಯಿ, ಅಂದ್ರೆ ಅಪ್ಪನ ಅವ್ವ, ವಿಮಾನ ದಾಟಿದ ಮೇಲೆ ಬೈಗುಳವನ್ನ ಬಿಟ್ಟಲ್ಲಿಂದಲೇ ಮುಂದುವರಿಸ್ತಾಳೆ.

ಹೆಣ ಬಂದು ಬೆಲ್ ಹೊಡೆದದ್ದು

ಆಯಿಗೆ ಇಂಗ್ಲಿಷ್ ಬರಲ್ಲ, ಆದರೆ ಬ್ರಿಟಿಷ್ ಪತ್ತೇದಾರಿ ಸೀರಿಯಲ್ ಬಿಡಲ್ಲ. ಟ್ರಾನ್ಸ್‌ಲೇಟ್ ಮಾಡೋನು ನಾನು. ನನಗೆ ಬೇಜಾರಾದಾಗ ಕಥೆ ಬದಲಾಗುತ್ತೆ. ಒಂದು ಶನಿವಾರ ಅದರಲ್ಲಿ ಬಿಳಿ ಮೀಸೆಯ ಮುದುಕರೊಬ್ಬರು ಚಹಾ ಕುಡಿದರು, ಕಪ್ ಬೀಳಿಸಿದರು, ಸತ್ತರು.

"ಅಯ್ಯ ಪಾಪ! ಚಾದಾಗ ಏನ್ ಹಾಕಿದ್ರೋ?"

"ಸಕ್ಕರಿ ಹಾಕಿದ್ದಿಲ್ಲ ಆಯಿ, ಅದಕ್ಕ ಸತ್ತಾರ."

ಅಷ್ಟರಲ್ಲಿ ಬೆಲ್ ಆಯ್ತು. ಆಯಿ ಬಾಗಿಲು ತೆಗೆದಳು. ಅದೇ ಮೀಸೆ, ಅದೇ ಮುದುಕರು. ಕೈಯಲ್ಲಿ ತಪ್ಪಿ ಅವರ ಮನೆಗೆ ಹೋಗಿದ್ದ ನಮ್ಮ ಪಾರ್ಸೆಲ್.

"ಏ ಬಾರೋ! ಹೆಣ ಬಂದೈತಿ!"

ಅವರು ಪಕ್ಕದ ಮನೆಗೆ ಹೊಸದಾಗಿ ಬಂದ ಅಂಕಲ್. ಲಂಡನ್ ಕಡೆಯ ನಟ, ಸೀರಿಯಲ್ಲು ಸಿನಿಮಾ ಎರಡೂ ಮಾಡಿದವರು. ಮಗಳು, ಮೊಮ್ಮಗಳು ಹತ್ತಿರದ ಸೌತ್‌ಲೇಕ್‌ನಲ್ಲಿದ್ದಾರೆ ಅಂತ ಇಲ್ಲಿಗೆ ಶಿಫ್ಟ್ ಆಗಿದ್ದರು. "ಅಂಕಲ್, ನೀವು ಸತ್ತದ್ದನ್ನ ಈಗ ತಾನೇ ನೋಡಿದ್ವಿ" ಅಂತ ಇಂಗ್ಲಿಷಲ್ಲಿ ಹೇಳಿದೆ. ಅವರಿಗೆ ಒಂಚೂರೂ ಗಾಬರಿಯಾಗಲಿಲ್ಲ.

"ಯಾವ ಸಲದ್ದು?" ಅಂತ ಕೇಳಿದರು.

ಖಾಲಿಯಾದ ಬಿಸಿನೀರು

ಅಂಕಲ್ ಕಷ್ಟವೇ ಅದು. ಇಡೀ ಜೀವನ ಸಾಯೋದೇ ಕೆಲಸ. ಇನ್‌ಸ್ಪೆಕ್ಟರ್ ಬರೋಷ್ಟರಲ್ಲಿ ಇವರು ನೆಲದ ಮೇಲೆ. "ಮೊಮ್ಮಗಳು ನನ್ನದು ಒಂದನ್ನೂ ಪೂರ್ತಿ ನೋಡಿಲ್ಲ. ನಾನು ಸತ್ತ ಕೂಡಲೇ ಅತ್ತು ಟಿವಿ ಆಫ್ ಮಾಡ್ತಾಳೆ. ಒಂದೇ ಒಂದು ಪಾತ್ರದಲ್ಲಿ ಕೊನೆವರೆಗೂ ಬದುಕಬೇಕು" ಅಂದರು.

ಇದನ್ನ ಮಾತ್ರ ಸರಿಯಾಗೇ ಟ್ರಾನ್ಸ್‌ಲೇಟ್ ಮಾಡಿದೆ. ಆದರೂ ಆಯಿಗೆ ಗೊಂದಲ. ನೆರೆಮನೆಯಲ್ಲಿ ಸಾವಾದರೆ ನಮ್ಮಲ್ಲಿ ಸ್ನಾನ ಮಾಡದೆ ಊಟ ಇಲ್ಲ. ಇವರು ನೆರೆಮನೆಯವರೂ ಹೌದು, ಸತ್ತದ್ದನ್ನ ಕಣ್ಣಾರೆ ನೋಡಿದ್ದೂ ಹೌದು. ಸ್ನಾನ ಮಾಡಿ ಬಂದಳು.

ನನಗೆ ಆಟ ಸಿಕ್ಕಿತು. ಅಂಕಲ್ ಅವರ ಹಳೇ ಸಾವುಗಳನ್ನ ಫೋನಲ್ಲಿ ಹುಡುಕಿ ಹುಡುಕಿ ತೋರಿಸಿದೆ. ಒಮ್ಮೆ ಗುಂಡು, ಒಮ್ಮೆ ಮೆಟ್ಟಿಲು, ಒಮ್ಮೆ ಕುದುರೆ. ಆಯಿ ಪ್ರತಿ ಸಲ ಬಚ್ಚಲಿಗೆ. ಮಧ್ಯಾಹ್ನದೊಳಗೆ ಮನೆಯ ಬಿಸಿನೀರೆಲ್ಲ ಖಾಲಿ. ಅಮ್ಮ ನನ್ನ ಕಿವಿ ಹಿಂಡಿ, ಗುಡಿಯ ಅರ್ಚಕರಿಗೆ ಫೋನ್ ಹಚ್ಚಿದಳು.

"ಪಾತ್ರ ಸತ್ತರೆ ಸೂತಕ ಇಲ್ಲಮ್ಮ, ಸ್ನಾನ ಬೇಡ" ಅಂದರು ಅವರು. ಅಮ್ಮ ಫೋನ್ ಇಡಬೇಕು, ಅಷ್ಟರಲ್ಲಿ ಮತ್ತೆ ಧ್ವನಿ: "ಚಹಾದಲ್ಲಿ ವಿಷ ಹಾಕಿದ್ದು ಯಾರು ಅಂತ ಮಾತ್ರ ಹೇಳಬೇಡಿ. ನಾವಿನ್ನೂ ಅರ್ಧ ನೋಡಿದ್ದೀವಿ."

ಹ್ಯೂಸ್ಟನ್‌ನಲ್ಲಿ ಮಲಗಿದ್ದು

ಹ್ಯೂಸ್ಟನ್‌ನ ಒಂದು ಹೋಟೆಲಲ್ಲಿ ಬ್ರಿಟಿಷ್ ಸೀರಿಯಲ್ ಅಭಿಮಾನಿಗಳ ಕೂಟ. ಅಂಕಲ್‌ಗೂ ಕರೆ ಬಂದಿತ್ತು. ಅಪ್ಪ ಡ್ರೈವ್ ಮಾಡಿದರು, ನಾನು ಹತ್ತಿ ಕೂತೆ. ಅಂಕಲ್ ಮುಂದೆ ಟೇಬಲ್, ಪೆನ್ನು, ಅವರ ಫೋಟೋಗಳ ಕಟ್ಟು. ಯಾರೂ ಹತ್ತಿರ ಬರಲಿಲ್ಲ. ಬಂದ ಒಬ್ಬ ಆಂಟಿ, ರೆಸ್ಟ್‌ರೂಮ್ ಯಾವ ಕಡೆ ಅಂತ ಕೇಳಿ ಹೋದರು.

ನನಗೆ ಹೊಳೀತು. "ಅಂಕಲ್, ನೆಟ್ಟಗೆ ಕೂತಿರೋ ನಿಮ್ಮನ್ನ ಯಾರು ನೋಡಿದ್ದಾರೆ? ಮಲಗಿ."

ಅವರು ಕಾರ್ಪೆಟ್ ಮೇಲೆ ಬೋರಲಾಗಿ ಬಿದ್ದು ಒಂದು ಕೈ ಚಾಚಿದರು. "ಅರೆ, ಇವರಾ!" ಅಂತ ಜನ ನುಗ್ಗಿದರು. ಬಾಗಿಲವರೆಗೂ ಕ್ಯೂ. ಹೋಟೆಲಿನವರು ಹೆದರಿ ಆಂಬ್ಯುಲೆನ್ಸ್ ಕರೆದರು. ಅದರಿಂದ ಇಳಿದು ಬಂದವನು ಮೊಣಕಾಲೂರಿ ನಾಡಿ ಹಿಡಿದ, ಮುಖ ನೋಡಿದ, ಕಣ್ಣರಳಿಸಿದ. ಅಂಕಲ್ ಏಳೋಕೆ ಹೋದರು.

"ಏಳಬೇಡಿ ಸರ್! ನಮ್ಮಮ್ಮ ನಿಮ್ಮ ಫ್ಯಾನ್. ಹೀಗೇ ಒಂದು ಸೆಲ್ಫಿ."

ಆಸ್ಟಿನ್‌ಗೆ ಹೋದ ಕೆಮ್ಮು

ಆಮೇಲೆ ಆಸ್ಟಿನ್‌ನ ಡೈರೆಕ್ಟರ್ ಒಬ್ಬರು ಹೊಸ ಸೀರಿಯಲ್‌ಗೆ ಆಡಿಷನ್ ವಿಡಿಯೋ ಕೇಳಿದರು. ಪಾತ್ರ ದನ ಸಾಕೋ ದೊಡ್ಡ ಫಾರ್ಮ್ ಇಟ್ಟುಕೊಂಡ ಹಟಮಾರಿ ಮುದುಕನದು. ಮನೆಯವರೆಲ್ಲ ಸತ್ತರೂ ಅವನು ಸಾಯಲ್ಲ. ಅಂಕಲ್ ಡೈಲಾಗ್ ಹಾಳೆಯನ್ನ ಮತ್ತೆ ಮತ್ತೆ ಓದಿದರು. "ಈ ವಯಸ್ಸಲ್ಲಿ ಇನ್ನೊಂದು ಅವಕಾಶ ಬರಲ್ಲ" ಅಂದರು. ನಮ್ಮ ಗ್ಯಾರೇಜಲ್ಲಿ ನಾನು ಫೋನ್ ಹಿಡಿದೆ. ವಿಮಾನದ ಸದ್ದು ಬರ್ತಿದೆ ಅಂತ ಶಟರ್ ಇಳಿಸಿದೆ.

ಅದೇ ಹೊತ್ತಿಗೆ ಆಯಿ ಒಳಬಾಗಿಲಿಂದ ಬಂದಳು. ಇಷ್ಟು ಸಲ ಸಾಯೋ ಮನುಷ್ಯನಿಗೆ ಕೆಟ್ಟ ದೃಷ್ಟಿ ತಾಗಿರಲೇಬೇಕು ಅಂತ ಅವಳ ಲೆಕ್ಕ. ಉಪ್ಪು, ಬ್ಯಾಡಗಿ ಮೆಣಸಿನಕಾಯಿ ನಿವಾಳಿಸಿ ಕೈಲಿದ್ದ ಕೆಂಡದ ಬಾಣಲೆಗೆ ಹಾಕಿದಳು. ದೃಷ್ಟಿ ತಾಗಿದ್ದರೆ ಘಾಟು ಬರಲ್ಲ ಅಂತಾರೆ. ಬಂತು. ಗ್ಯಾರೇಜ್ ತುಂಬಾ ಬಂತು.

"ದೃಷ್ಟಿ ಇಲ್ಲ!" ಆಯಿ ಕೆಮ್ಮುತ್ತಾ ಕೂಗಿದಳು. "ಹಂಗಾರ ಇವ್ರು ಯಾಕ ಸಾಯ್ತಾರೋ?"

ಅಂಕಲ್ ಗೋಡೆ ಹಿಡಿದು, ಕಣ್ಣು ಮೂಗು ಸುರಿಸುತ್ತಾ, ಆದರೂ ಡೈಲಾಗ್ ಬಿಡಲಿಲ್ಲ: "ನಾನಿನ್ನೂ... ಸತ್ತಿಲ್ಲ!" ಶಟರ್ ಎತ್ತಿ ಅವರು ಹೊರಗೆ ಉಸಿರು ತಗೊಳ್ಳೋಷ್ಟರಲ್ಲಿ ನಾನು ಆ ವಿಡಿಯೋವನ್ನೇ ಡೈರೆಕ್ಟರ್‌ಗೆ ಸೆಂಡ್ ಮಾಡಿಬಿಟ್ಟಿದ್ದೆ. ಅಂಕಲ್ ಮುಖ ಮುಚ್ಚಿಕೊಂಡು ಬಕೆಟ್ ಮೇಲೆ ಕೂತರು. ನನಗೂ ಮೊದಲ ಸಲ ನಗು ಬರಲಿಲ್ಲ.

ಆಸ್ಟಿನ್‌ನಿಂದ ಫೋನ್ ಬಂತು. "ಪಾತ್ರ ನಿಮ್ಮದೇ. ಆ ಕೆಮ್ಮನ್ನ ಯಾವ ನಾಟಕ ಶಾಲೆಯಲ್ಲಿ ಕಲಿತಿರಿ?"

ಬದುಕಿದ ಮೇಲೆ

ಆ ಸೀರಿಯಲ್‌ನ ಕೊನೇ ಎಪಿಸೋಡ್ ದಿನ ಅಂಕಲ್ ತಮ್ಮ ಮನೆಯಲ್ಲಿ ಮೊಮ್ಮಗಳ ಜೊತೆ, ನಾವು ನಮ್ಮ ಮನೆಯಲ್ಲಿ. ಮಕ್ಕಳು ಸತ್ತರು, ಅಳಿಯ ಸತ್ತ, ಕುದುರೆಯೂ ಸತ್ತಿತು. ಅಂಕಲ್ ಒಬ್ಬರೇ ಹಾಸಿಗೆಯಿಂದೆದ್ದು ಬಿಸಿಲಿಗೆ ಬಂದು ನಿಂತರು. ಮುಗೀತು.

ಆಯಿ ಟಿವಿ ಬಿಟ್ಟು ಬಾಗಿಲ ಕಡೆ ನೋಡತೊಡಗಿದಳು.

"ಖುಷಿ ಆಗ್ಲಿಲ್ಲೇನ ಆಯಿ?"

"ಟಿವಿಯೊಳಗ ಸತ್ತಾಗೆಲ್ಲ ಬಾಗಲದಾಗ ಜೀವಂತ ನಿಂದರ್ತಿದ್ರು. ಇವತ್ತ ಟಿವಿಯೊಳಗ ಬದುಕ್ಯಾರ..." ನನ್ನ ಕೈ ಗಟ್ಟಿ ಹಿಡಿದಳು. "ಓಡೋ! ಬಾಜೂ ಮನಿಗೆ ಹೋಗಿ ನೋಡ್ಕೊಂಡ್ ಬಾ!"

ಇದರಲ್ಲಿ ಅರ್ಥ ಇಲ್ಲ ಅಂತ ಗೊತ್ತು. ಆದರೂ ಓಡಿದೆ. ಬೆಲ್ ಹೊಡೆದೆ, ಯಾರೂ ಬರಲಿಲ್ಲ. ಮತ್ತೆ ಹೊಡೆದೆ. ಬಾಗಿಲು ಬಡಿದೆ. ಕೊನೆಗೆ ಬಾಗಿಲು ತೆಗೀತು. ಅಂಕಲ್ ಕಣ್ಣು ಕೆಂಪಗಿತ್ತು, ಕುತ್ತಿಗೆಗೆ ಮೊಮ್ಮಗಳು ಜೋತುಬಿದ್ದಿದ್ದಳು.

"ಅಂಕಲ್, ನೀವು ಜೀವಂತ ಇದ್ದೀರಾ ಅಂತ ಆಯಿ ಕೇಳ್ತಿದ್ದಾಳೆ."

"ಕೊನೆವರೆಗೂ ಇದ್ದೆ ಅಂತ ಹೇಳು. ಇವಳು ಪೂರ್ತಿ ನೋಡಿದಳು."

ವಾಪಸ್ ಓಡಿ ಬಂದು ಕೂಗಿದೆ: "ಆಯಿ, ಅದಾರ!"

ಬಚ್ಚಲಿಂದ ನೀರಿನ ಸದ್ದು. ಅದರ ಹಿಂದೆಯೇ ಆಯಿ: "ತಡಾ ಮಾಡಿದ್ಯಲ್ಲೋ ಭಾಡ್ಯಾ, ಆಗಲೇ ತಲೀಮ್ಯಾಲೆ ನೀರು ಹಾಕ್ಕೊಂಡ್ನಿ!"