ನಾನು ಬಿಟ್ಟುಕೊಟ್ಟ ರನ್‌ಗಳ ತುಲನಾತ್ಮಕ ಅಧ್ಯಯನ

ನಮ್ಮ ಅಂಡರ್ ಆರ್ಮ್ ಕ್ರಿಕೆಟ್ ತಂಡದ ಆಯ್ಕೆ ಸಮಿತಿಯು ನ್ಯಾಯವನ್ನು ಹಾಡಹಗಲೇ ಕೊಂದಿದೆ. ಭಾನುವಾರ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮುಗಳ ಹಿಂದಿನ ಬಯಲಿನಲ್ಲಿ ನಡೆಯಲಿರುವ ಫೈನಲ್‌ಗೆ ಆರಿಸಿದ ಹನ್ನೊಂದು ಮಂದಿಯಲ್ಲಿ ನಾನಿಲ್ಲ! ಹನ್ನೆರಡನೆಯವನಾಗಿದ್ದೇನೆ. ಕಾರಣ, ನಾಯಕ ಅಶ್ರಫಾಕನ ಒಂದೇ ವಾಕ್ಯ: “ನೀನು ತುಂಬ ರನ್ ಕೊಡ್ತೀ ಮಾರಾಯಾ.”

ಪುರಾವೆ ಎಲ್ಲಿ? ಹೋಲಿಕೆ ಎಲ್ಲಿ? ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಜುಮೇರಾ ಲೇಕ್ ಟವರ್ಸ್‌ನ ಕಚೇರಿಯಲ್ಲಿ ದಿನವಿಡೀ ಅಂಕಿಅಂಶ ಪಳಗಿಸುವ ನನಗೆ ಈ ಉಡಾಫೆಯ ಉತ್ತರವೇ? ಮೇಲಾಗಿ, ಮಂಗಳೂರಿನಿಂದ ಬಂದು ಅಬುಧಾಬಿಯ ಅಲ್ ರೀಮ್‌ನಲ್ಲಿ ಮಗನ ಮನೆಯಲ್ಲಿರುವ ನನ್ನ ಮಾವ, ಅಳಿಯನ ಬೌಲಿಂಗ್ ನೋಡಲೆಂದೇ ಅಂದು ಬರುವವರಿದ್ದಾರೆ. ನನ್ನನ್ನು ಕಂಡರೆ ಬ್ಯಾಟ್ಸ್‌ಮನ್‌ಗಳು ನಡುಗುತ್ತಾರೆಂದು ಅವರಿಗೆ ಹೇಳಿದವರು ಯಾರು? ನಾನೇ.

ಹೋರಾಟಕ್ಕೊಂದು ಸಿದ್ಧಾಂತ ಬೇಕು. ನನಗದು ಅಮೆರಿಕದ ಬೇಸ್‌ಬಾಲ್‌ನಲ್ಲಿ ದೊರೆಯಿತು. ಆ ಆಟದ ಆರಂಭಕಾಲದ ಎಸೆತಗಾರರೂ ನಮ್ಮಂತೆ ಕೈ ಕೆಳಗಿಟ್ಟೇ ಎಸೆಯುತ್ತಿದ್ದರಂತೆ. ಫೀಲ್ಡರುಗಳು ಬರಿಗೈಯಲ್ಲಿ ಚೆಂಡು ಹಿಡಿಯುತ್ತಿದ್ದರಂತೆ, ಬಹುಮಟ್ಟಿಗೆ ಬಿಡುತ್ತಿದ್ದರಂತೆ. ಅಂಥ ಎಸೆತಗಾರನೊಬ್ಬ ಬಿಟ್ಟುಕೊಟ್ಟ ರನ್‌ಗಳನ್ನು ಅವನ ಸಮಕಾಲೀನರೊಂದಿಗೆ ಹೋಲಿಸಿದ ಲೇಖನವೊಂದನ್ನು ಓದಿದೆ. ಒಟ್ಟು ರನ್ ನೋಡಿದರೆ ಅವನು ಸಾಧಾರಣ. ಫೀಲ್ಡರುಗಳ ತಪ್ಪಿನಿಂದ ಹೋದದ್ದನ್ನು ಕಳೆದರೆ ರತ್ನ! ನನ್ನ ಕಣ್ಣು ತುಂಬಿ ಬಂತು. ಆ ಮನುಷ್ಯ ನಾನೇ.

ನನ್ನ ಪತ್ನಿ ಲವೀನಾ ತಂಡದ ಸ್ಕೋರರ್. ಯಾರಾದರೂ ಕ್ಯಾಚ್ ಬಿಟ್ಟರೆ, ಚೆಂಡು ಕಾಲಡಿ ನುಸುಳಿದರೆ, ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗುರುತು, ಪಕ್ಕದಲ್ಲೊಂದು ಅಕ್ಷರ ಹಾಕುವುದು ಅವಳ ರೂಢಿ.

“ಆ ಪುಸ್ತಕ ಕೊಡು,” ಎಂದೆ.

“ಎಂತಕ್ಕೆ? ಬಿಡು ಅತ್ಲಾಗೆ. ಡ್ಯಾಡಿಗೆ ನಾನೇ ಏನಾದ್ರೂ ಹೇಳ್ತೇನೆ.”

“ಸತ್ಯಕ್ಕೆ ಹೆದರುವವನಲ್ಲ ನಾನು!”

“ಹೆದರುವುದು ಒಳ್ಳೇದಿತ್ತು,” ಎಂದು ಪುಸ್ತಕ ಕೊಟ್ಟು, ಅವಳು ಬಂಗುಡೆಗೆ ಮಸಾಲೆ ಹಚ್ಚಲು ಹೋದಳು.

ನಾಲ್ವರು ಬೌಲರುಗಳ ಸಮಗ್ರ ಪಟ್ಟಿ ಸಿದ್ಧಪಡಿಸಿದೆ. ಗುರುತುಗಳನ್ನೂ, ಅವುಗಳ ಪಕ್ಕದ ಅಕ್ಷರಗಳನ್ನೂ ಕಂಪ್ಯೂಟರಿಗೆ ಯಥಾವತ್ತಾಗಿ ಇಳಿಸಿದೆ. ತಪ್ಪಿನ ರನ್‌ಗಳನ್ನು ಕಳೆಯಲು ಸೂತ್ರ ಬರೆದೆ. ಸತ್ಯ ನನ್ನ ಕಡೆಗಿರುವಾಗ ಫಲಿತಾಂಶ ನೋಡುವುದೇನು? “ಜವಾಬ್ದಾರಿ ಯಾರದು?” ಎಂಬ ತಲೆಬರಹದೊಂದಿಗೆ ತಂಡದ ವಾಟ್ಸಾಪ್ ಗುಂಪಿಗೆ ಕಳುಹಿಸಿಯೇಬಿಟ್ಟೆ!

ಅಡುಗೆಮನೆಯಿಂದ ಲವೀನಾ ಕೂಗಿದಳು: “ಅಯ್ಯೋ ದೇವ್ರೇ, ಇದನ್ನು ಕಳಿಸಿಯೇ ಬಿಟ್ಟಿಯಾ?”

ಆಗ ನೋಡಿದೆ. ಓವರಿಗೆ ನನ್ನ ರನ್ ಹದಿನಾಲ್ಕರಿಂದ ಹದಿಮೂರಕ್ಕಿಳಿದಿತ್ತು. ಉಳಿದ ಮೂವರದು ಹನ್ನೊಂದರಿಂದ ಆರಕ್ಕೆ!

“ಇದು ಹೇಗೆ ಸಾಧ್ಯ?”

“ಗುರುತಿನ ಪಕ್ಕ ಹೆಚ್ಚಾಗಿ ಯಾವ ಅಕ್ಷರ ಉಂಟು?”

“ವಿ.”

“ವಿ ಅಂದ್ರೆ ವಿಲ್ಸನ್. ನನ್ನ ಗಂಡ.”

ಅಂದರೆ, ಉಳಿದವರು ಬೌಲ್ ಮಾಡುವಾಗ ಚೆಂಡು ಬಿಟ್ಟ ಮಹಾಶಯ ನಾನು. ನನ್ನ ಬೌಲಿಂಗಿನ ವೇಳೆ ಮಾತ್ರ ಫೀಲ್ಡರುಗಳ ಸಾಲಿನಲ್ಲಿ ನಾನಿರಲಿಲ್ಲ. ಒಳ್ಳೆಯ ಫೀಲ್ಡಿಂಗಿನ ಬೆಂಬಲ ಸಿಕ್ಕಿದ್ದ ಏಕೈಕ ಬೌಲರ್ ನಾನೇ! ಅಷ್ಟಾಗಿಯೂ ಹದಿಮೂರು.

ಅಳಿಸಲು ಹೋದೆ. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು. ಅಶ್ರಫಾಕನ ಧ್ವನಿಸಂದೇಶವೂ ಬಂತು: “ಪಟ್ಟಿ ಭಾರೀ ಚಂದ ಉಂಟು ಮಾರಾಯಾ! ನಿನ್ನ ಬೌಲಿಂಗ್ ಮಾತ್ರ ತೊಂದರೆ ಅಂತ ಗ್ರಹಿಸಿದ್ದೆ. ಫೀಲ್ಡಿಂಗಿಗಾದ್ರೂ ಆಗ್ಲಿ ಅಂತ ಹನ್ನೆರಡನೆಯವನಾಗಿ ಮಾಡಿದ್ದು. ಇನ್ನು ಅದೂ ಖಲಾಸ್.”

ಆದರೂ ನಾನು ಸುಮ್ಮನಾಗುವವನಲ್ಲ. ಸಮಿತಿಯು ಉತ್ತರದಾಯಿಯಾಗಲೇಬೇಕು! ಅಳಿಯನನ್ನು ಏಕೆ ಆಡಿಸುತ್ತಿಲ್ಲ ಎಂದು ನನ್ನ ಮಾವನವರು ಭಾನುವಾರ ಕೇಳಿದಾಗ, ಮೊಣಕಾಲು ನೋವೆಂಬ ಲಿಖಿತ ಉತ್ತರವನ್ನು ನಾಯಕರ ಸಹಿಯೊಂದಿಗೆ ಒದಗಿಸಬೇಕಾಗಿ ಈ ಮೂಲಕ ವಿಧ್ಯುಕ್ತವಾಗಿ ಕೋರುತ್ತೇನೆ. ಎಡಗಾಲೋ ಬಲಗಾಲೋ ಎಂಬುದನ್ನು ಶನಿವಾರ ಸಂಜೆಯೊಳಗೆ ನನಗೂ ತಿಳಿಸತಕ್ಕದ್ದು.

ಕುಂಟುವುದನ್ನು ಅಭ್ಯಾಸ ಮಾಡಬೇಕಿದೆ.