ಸರದಿ ಯಾರದು?

ಸಾಹೇಬರಿಗೆ ಫೋನು ಬಂದದ್ದೇ ಎಲ್ಲಕ್ಕೂ ಮೂಲ. ಅದು ಬರದೇ ಇದ್ದಿದ್ದರೆ ನಿನ್ನೆ ಸಂಜೆಯೇ ಆಟ ಮುಗಿದು, ಕಡತಪ್ಪನ ಹಣೆಬರಹ ಅತ್ತಲೋ ಇತ್ತಲೋ ಇತ್ಯರ್ಥವಾಗಿರುತ್ತಿತ್ತು.

ಕಡತಪ್ಪ ಎಂಬುದು ಅವನ ಹೆಸರಲ್ಲ. ಆಫೀಸಿನ ಹಳೆಯ ಕಡತಗಳನ್ನು ತುಂಬಿದ್ದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಆ ಧೂಳಿಗೆ ಕೆಮ್ಮಿ ಕೆಮ್ಮಿ, ಅವನ ಸ್ವಂತ ಹೆಸರು ಸಂಬಳದ ದಿನಕ್ಕಷ್ಟೇ ಉಳಿದಿತ್ತು. ಈಗ ಹೊರಗಿನ ಹಾಲಿನಲ್ಲಿ ಕಿಟಕಿ ಪಕ್ಕದ ಮೇಜು ಖಾಲಿಯಾಗಿತ್ತು. ಅದು ಸಿಕ್ಕರೆ ಗಾಳಿ, ಬೆಳಕು, ಎದುರು ಬೀದಿಯ ಓಡಾಟ ಎಲ್ಲ ಪುಕ್ಕಟೆ. ಡಾಕ್ಟರೂ ಅದನ್ನೇ ಹೇಳಿದ್ದರು, ಹೆಂಡತಿಯಂತೂ ದಿನಾ ಹೇಳುತ್ತಿದ್ದಳು.

ಸಾಹೇಬರಿಗೆ ಚದುರಂಗದ ಹುಚ್ಚು. ಆಫೀಸಿನಲ್ಲಿ ಆಡಲು ಬರುತ್ತಿದ್ದವನು ಇವನೊಬ್ಬನೇ. ಸಂಜೆ ಕೆಲಸ ಮುಗಿದ ಮೇಲೆ ಇವನನ್ನು ಸೋಲಿಸಿ, ಆಮೇಲೆ ಹಸನ್ಮುಖಿಯಾಗಿ ಮನೆಗೆ ಹೋಗುವುದು ಅವರ ಪದ್ಧತಿ. ಮೇಜು ಕೇಳಿದಾಗ ಅವರು, "ಒಂದೇ ಒಂದು ಆಟ ಗೆಲ್ಲಯ್ಯ, ಮೇಜು ನಿಂದು" ಅಂದುಬಿಟ್ಟಿದ್ದರು.

ನಿನ್ನೆಯ ಆಟದಲ್ಲಿ ಕಾಯಿಗಳೆಲ್ಲ ಹೊಡೆದಾಡಿ ಸತ್ತು, ಮಣೆಯ ಮೇಲೆ ಉಳಿದದ್ದು ಇಬ್ಬರು ರಾಜರು, ಇಬ್ಬರು ಕಾಲಾಳುಗಳು. ಕಾಲಾಳುಗಳು ನಡುಮಧ್ಯೆ ಮೂಗಿಗೆ ಮೂಗು ತಾಗಿಸಿ ನಿಂತಿದ್ದರು. ಅವರ ಅತ್ತ ಒಬ್ಬ ರಾಜ, ಇತ್ತ ಒಬ್ಬ ರಾಜ. ಇಬ್ಬರದೂ ಒಂದು ಕಣ್ಣು ತನ್ನ ಕಾಲಾಳಿನ ಕಾವಲಿಗೆ, ಇನ್ನೊಂದು ಎದುರಾಳಿಯ ಕಾಲಾಳಿನ ಮೇಲೆ. ಆಗಲೇ ಸಾಹೇಬರಿಗೆ ಫೋನು ಬಂತು. ಯಾರೂ ಮಣೆ ಮುಟ್ಟಕೂಡದು, ನಾಳೆ ಸಂಜೆ ಮುಗಿಸೋಣ ಎಂದು ಹೇಳಿ ಹೊರಟೇಹೋದರು. ಇವತ್ತು ಬೆಳಗ್ಗೆಯಿಂದ ಅವರಿಗೆ ಹೆಡ್ಡಾಫೀಸಿನಲ್ಲಿ ಮೀಟಿಂಗು.

ಕಡತಪ್ಪ ಬಂದವನೇ ಮಣೆಯ ಮುಂದೆ ಕೂತು, ಹೋದವರಿಗೆ ಬಂದವರಿಗೆಲ್ಲ "ಈಗ ನಂದೇ ಸರದಿ" ಎಂದು ಸಾರಿದ. ಸುಮ್ಮನಿರಲಾರದವನು ಇರುವೆ ಬಿಟ್ಟುಕೊಂಡ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಮಧ್ಯಾಹ್ನದ ಬಿಡುವಿಗೆ ಇಡೀ ಆಫೀಸು ಮಣೆಯ ಸುತ್ತ ಸೇರಿತು.

ಹೆಡ್ ಗುಮಾಸ್ತರಿಗೆ ಕುದುರೆ ಹೇಗೆ ನಡೆಯುತ್ತದೆಂದೂ ಗೊತ್ತಿರಲಿಲ್ಲ, ಆದರೆ ರಾಜ ಮುನ್ನುಗ್ಗಬೇಕು ಎಂದು ಹಟ ಹಿಡಿದರು. ಟೈಪಿಸ್ಟಮ್ಮ ಹಿಂದೆ ಸರಿ ಅಂದಳು. ಆಫೀಸಿನ ಜೀಪು ಓಡಿಸುವ ಡ್ರೈವರ್ ಪಕ್ಕಕ್ಕೆ ತಿರುಗಿಸು ಅಂದ. ಕಡತಪ್ಪನಿಗೂ ಕುತೂಹಲ. ಒಂದು ಕಾಗದದ ಮೇಲೆ ಮನೆಗಳನ್ನು ಗೀಚಿ, ಅಂಗಿಯ ಗುಂಡಿಗಳನ್ನೇ ಕಾಯಿ ಮಾಡಿಕೊಂಡು ಒಬ್ಬೊಬ್ಬರ ಸಲಹೆಯನ್ನೂ ಆಡಿ ನೋಡಿದ. ಮುನ್ನುಗ್ಗಿದರೂ ಕಾಲಾಳು ಹೋಯಿತು, ಹಿಂದೆ ಸರಿದರೂ ಹೋಯಿತು, ಪಕ್ಕಕ್ಕೆ ಜರುಗಿದರೂ ಹೋಯಿತು. ರಾಜ ಎಲ್ಲಿಗೆ ಕಾಲಿಟ್ಟರೂ ಕಾವಲು ತಪ್ಪುತ್ತಿತ್ತು. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಷ್ಟರಲ್ಲಿ ಟೈಪಿಸ್ಟಮ್ಮ ಬೇಸತ್ತು, ಸರದಿ ಯಾರದೆಂದು ನೋಡದೆ ಸಾಹೇಬರ ರಾಜನ ಗುಂಡಿಯನ್ನೇ ಒಂದು ಮನೆ ಸರಿಸಿದಳು. ಕಡತಪ್ಪ ತಡೆಯಲು ಹೋದವನು ಹಾಗೇ ನಿಂತ. ಸಾಹೇಬರ ಕಾಲಾಳು ಅನಾಥವಾಗಿತ್ತು. ಇನ್ನೊಂದು ಕಡೆಗೆ ಸರಿಸಿ ನೋಡಿದ, ಹಾಗೂ ಅನಾಥವೇ. ಅವನು ಟೈಪಿಸ್ಟಮ್ಮನ ಕಡೆ ತಿರುಗಿದ.

"ಅಕ್ಕಾ, ಇಲ್ಲಿ ಯಾರು ಮೊದಲು ಅಲ್ಲಾಡ್ತಾರೋ ಅವರು ಸೋತ್ರು. ಒಳ್ಳೇ ನಡೆ ಅಂತ ಯಾವುದೂ ಇಲ್ಲ. ನಡೆಯದೇ ಇರೋದೇ ಒಳ್ಳೇ ನಡೆ."

"ಮತ್ತೆ ಬೆಳಗ್ಗೆಯಿಂದ ನಂದೇ ಸರದಿ ಅಂತ ಡಂಗುರ ಹೊಡೆದ್ಯಲ್ಲೋ?"

ಕಡತಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಫೋನು ಬಂದಾಗ ತಾನು ತಲೆ ಕೆರೆಯುತ್ತಿದ್ದದ್ದು ನಿಜ. ಆದರೆ ಅವನು ತನ್ನ ಸರದಿಯಲ್ಲೂ ಕೆರೆಯುತ್ತಿದ್ದ, ಸಾಹೇಬರ ಸರದಿಯಲ್ಲೂ ಕೆರೆಯುತ್ತಿದ್ದ. ಇನ್ನು ಉಳಿದದ್ದು ಒಂದೇ ದಾರಿ, ಬೆಳಗ್ಗೆ ಬಿತ್ತಿದ್ದನ್ನೆಲ್ಲ ಸಂಜೆಯೊಳಗೆ ಕಿತ್ತುಹಾಕುವುದು.

ಸರದಿ ಸಾಹೇಬರದೇ ಎಂದು ಹೇಳಲು ಹೆಡ್ ಗುಮಾಸ್ತರ ಆತ್ಮಸಾಕ್ಷಿ ಮೊದಲು ಒಪ್ಪಲಿಲ್ಲ. ತಮ್ಮ ಮೇಜಿನ ಮೇಲೆ ಕೊಳೆಯುತ್ತಿದ್ದ ಕಡತಗಳನ್ನು ಕಡತಪ್ಪ ವಿಲೇವಾರಿ ಮಾಡುತ್ತೇನೆಂದ ಮೇಲೆ ಒಪ್ಪಿತು. ಟೈಪಿಸ್ಟಮ್ಮ ತನ್ನ ಪಾಲಿನ ಪ್ರತಿಗಳನ್ನು ತಾಳೆ ನೋಡುವ ಕೆಲಸವನ್ನು ದಾಟಿಸಿದಳು. ಡ್ರೈವರು ತನ್ನ ಗಾಡಿಯ ಹಳೇ ಕಾಗದಪತ್ರಗಳನ್ನೆಲ್ಲ ವಿಂಗಡಿಸಿಕೊಡುವಂತೆ ಮಾತು ತೆಗೆದುಕೊಂಡ. ಕಿಟಕಿಯ ಬೆಳಕಿನಲ್ಲಿ ಕೂತು ಮಾಡುವ ಕೆಲಸ ಎಷ್ಟಿದ್ದರೇನು ಎಂದು ಕಡತಪ್ಪ ಎಲ್ಲಕ್ಕೂ ಹೂಂ ಅಂದ.

ಸಂಜೆ ಎಲ್ಲರೂ ಮಣೆಯ ಸುತ್ತ ನಿಂತು ಹೇಳಬೇಕಾದ್ದನ್ನು ಇನ್ನೊಮ್ಮೆ ಬಾಯಿಪಾಠ ಮಾಡುತ್ತಿದ್ದಾಗ ಹೊರಗೆ ಸಾಹೇಬರ ಕಾರು ನಿಂತ ಸದ್ದಾಯಿತು. ಒಬ್ಬರ ಮೇಲೊಬ್ಬರು ಬಿದ್ದು ಚದುರುವಾಗ ಯಾರದೋ ಮೊಣಕೈ ತಗುಲಿ ರಾಜರಿಬ್ಬರೂ ಉರುಳಿದರು. "ಎಲ್ಲಿದ್ರು ಅಂತ ನಂಗೊತ್ತು ಬಿಡು" ಎಂದು ಹೆಡ್ ಗುಮಾಸ್ತರು ಅವಸರದಲ್ಲಿ ಇಬ್ಬರನ್ನೂ ಎತ್ತಿ ನಿಲ್ಲಿಸಿದರು. ಬಾಗಿಲಲ್ಲಿ ಸಾಹೇಬರಿಗೆ ನಮಸ್ಕರಿಸುತ್ತಿದ್ದ ಕಡತಪ್ಪನಿಗೆ ಇದು ಗೊತ್ತೇ ಆಗಲಿಲ್ಲ.

ಸಾಹೇಬರು ಕೂತು, ಸರದಿ ಯಾರದಿತ್ತು ಎಂದು ಕೇಳಿದರು.

"ನಿಮ್ದೇ ಸಾರ್" ಎಂದು ಆಫೀಸಿಗೆ ಆಫೀಸೇ ಒಂದೇ ಕಂಠದಲ್ಲಿ ಹೇಳಿತು.

"ಹೌದಯ್ಯ, ನಂದೇ. ಅದಕ್ಕೇ ಇವತ್ತು ಮೀಟಿಂಗಲ್ಲಿ ಒಂದಕ್ಷರ ತಲೆಗೆ ಹೋಗ್ಲಿಲ್ಲ. ಹೇಗೆ ನಡೆದ್ರೂ ಸೋಲೇ. ಸೋಲೊಪ್ಪಿ ಮೇಜು ಕೊಟ್ಟುಬಿಡೋಣ ಅಂತಲೇ ಬಂದೆ."

ಕಡತಪ್ಪನ ಮುಖಕ್ಕೆ ಆಗಲೇ ಕಿಟಕಿಯ ಗಾಳಿ ಬಡಿಯಿತು. ಸಾಹೇಬರು ಸೋಲೊಪ್ಪುವ ಮೊದಲು ಕೊನೆಯ ಸಲ ಮಣೆ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಹೆಡ್ ಗುಮಾಸ್ತರು ಇಬ್ಬರು ರಾಜರನ್ನೂ ಒಂದೊಂದು ಮನೆ ದೂರಕ್ಕೆ ನಿಲ್ಲಿಸಿದ್ದರು. ಒಂದೇ ಮನೆ. ಆದರೆ ಅಲ್ಲಿಂದ ಲೆಕ್ಕವೇ ತಿರುಗುಮುರುಗು. ಈಗ ಮೊದಲು ನಡೆದವನದೇ ಗೆಲುವು.

ಸಾಹೇಬರು ರಾಜನನ್ನು ನೇರವಾಗಿ ನುಗ್ಗಿಸದೆ, ಓರೆಯಾಗಿ ಒಂದು ಮನೆ ಇಟ್ಟರು. ಕಡತಪ್ಪನ ರಾಜ ತನ್ನ ಕಾಲಾಳನ್ನು ಕಾಯಲು ಓಡಿಬಂದ. ಸಾಹೇಬರ ರಾಜ ಮೆಲ್ಲಗೆ ಎದುರಿಗೆ ಬಂದು ನಿಂತ. ಮಧ್ಯಾಹ್ನ ಗುಂಡಿಗಳಲ್ಲಿ ಆಡಿ ನೋಡಿದ ಅದೇ ಚಿತ್ರ, ಸರದಿ ಮಾತ್ರ ಈಗ ಕಡತಪ್ಪನದು.

"ಸಾರ್, ರಾಜರು ನಿನ್ನೆ ಇಲ್ಲಿರಲಿಲ್ಲ" ಎಂದ ಕಡತಪ್ಪ.

ಸಾಹೇಬರು ತಲೆಯೆತ್ತಿ, ಮಣೆಯನ್ನು ಯಾರಾದರೂ ಮುಟ್ಟಿದಿರಾ ಎಂದು ಎಲ್ಲರನ್ನೂ ಕೇಳಿದರು. ಇಲ್ಲವೇ ಇಲ್ಲ ಎಂದರು ಎಲ್ಲರೂ, ಎಲ್ಲರಿಗಿಂತ ಮೊದಲು ಹೆಡ್ ಗುಮಾಸ್ತರು. ಇಷ್ಟು ಒಮ್ಮತದಿಂದ ಮಾತಾಡುವ ಸಿಬ್ಬಂದಿಯನ್ನು ಸಾಹೇಬರು ಹಿಂದೆ ಕಂಡಿರಲಿಲ್ಲ. ಎರಡು ಗಳಿಗೆಯಲ್ಲಿ ಅವರ ಕಾಲಾಳು ಕೊನೆಯ ಮನೆ ಮುಟ್ಟಿ ಮಂತ್ರಿಯಾಯಿತು, ಅವರು ಎಂದಿನಂತೆ ಹಸನ್ಮುಖಿಯಾಗಿ ಮನೆಗೆ ಹೋದರು.

ಕಡತಪ್ಪ ತನ್ನ ಕೋಣೆಗೆ ಹೋಗಿ ಕೂತ. ಬಾಗಿಲು ತಳ್ಳಿಕೊಂಡು ಹೆಡ್ ಗುಮಾಸ್ತರು ಬಂದರು, ಅವರ ಹಿಂದೆ ಟೈಪಿಸ್ಟಮ್ಮ, ಅವಳ ಹಿಂದೆ ಡ್ರೈವರು. ಮೂವರ ತೋಳಿನಲ್ಲೂ ಹೊರೆ.

"ಬೇಜಾರು ಮಾಡ್ಕೋಬೇಡ ತಮ್ಮಾ" ಎಂದು ಹೆಡ್ ಗುಮಾಸ್ತರು ಧೊಪ್ಪನೆ ಕಡತಗಳನ್ನು ಇಳಿಸಿದರು. "ಗೆಲ್ಲಿಸ್ತೀವಿ ಅಂತ ನಾವೇನೂ ಮಾತು ಕೊಟ್ಟಿರಲಿಲ್ಲ. ಸಾಕ್ಷಿ ಹೇಳ್ತೀವಿ ಅಂದಿದ್ವಿ, ಹೇಳಿದ್ವಿ."

ಎದ್ದ ಧೂಳಿಗೆ ಕಡತಪ್ಪ ಕೆಮ್ಮತೊಡಗಿದ. ಹೌದು ಅಂದನೋ, ಅಲ್ಲ ಅಂದನೋ, ಯಾರಿಗೂ ತಿಳಿಯಲಿಲ್ಲ.