ಚಿಂತಿ ಮಾಡೂದು ಯಾರ ಕೆಲಸ?

“ಅವರ ಫಾರ್ಮಿಗೆ ಅವರೇ ಉತ್ತರ ಹೇಳಬೇಕ್ರಿ, ಆಯೀ!”

“ನಲವತ್ತು ವರ್ಷ ಸಂಸಾರ ಮಾಡೇನಿ, ನನ್ನ ಗಂಡಂದು ನನಗ ಗೊತ್ತಿಲ್ಲೇನ? ಸೊನ್ನಿ ಬರಿ. ಮುಂದಿಂದು ಕೇಳು.”

ಸಪ್ನಾ ಪೆನ್ನು ಕಚ್ಚಿದಳು. ಆರೋಗ್ಯ ಕಾರ್ಯಕರ್ತೆಯಾಗಿ ಎಂಟು ದಿನ ಆಗಿತ್ತು ಅಷ್ಟೇ. ಸಿರಸಂಗಿಯ ಈ ಮುದಿ ಗಂಡ-ಹೆಂಡತಿಯ ಮನೆ ಕಟ್ಟಿ ಮೇಲೆ ಕುಂತು ಮುಕ್ಕಾಲು ತಾಸು. ಪ್ರಶ್ನೆ ಬರೇ ಏಳು: ಎರಡು ವಾರದಾಗ ಗಾಬರಿ, ಚಿಂತೆ, ಚಡಪಡಿಕೆ ಎಷ್ಟು ದಿನ ಕಾಡಿತು? ಇಲ್ಲಂದರೆ ಸೊನ್ನೆ, ದಿನಾ ಅಂದರೆ ಮೂರು. ಇಷ್ಟು ಸಲೀಸು ಕೆಲಸ, ಆದರೆ ಒಂದಕ್ಕೂ ನೆಟ್ಟಗೆ ಉತ್ತರ ಸಿಕ್ಕಿರಲಿಲ್ಲ.

“ಅಜ್ಜಾರ, ನೀವ ಹೇಳ್ರಿ. ಚಿಂತಿ ಆಗತೈತೇನ್ರಿ?”

ಮುದಕಪ್ಪ ಮೀಸೆ ತಿರುವಿದ. “ಅದು ಆಕಿ ಕೆಲಸ, ತಂಗೀ. ನಾ ಹೊಲಾ ನೋಡತೇನಿ, ಆಕಿ ಚಿಂತಿ ಮಾಡತಾಳ. ಲಗ್ನ ಆದಾಗಿಂದ ಹಂಗ ನಡದೈತಿ.”

“ಕೇಳಿದೆಲ್ಲ? ನನಗ ಎಲ್ಲಾದಕ್ಕೂ ಮೂರು ಬರಿ,” ಅಂದಳು ಮಾಯವ್ವ. “ಇವರ ಪಾಲಿಂದೂ ನಾನ ಮಾಡತೇನಿ, ನಾಕು ಬರದ್ರೂ ನಡೀತೈತಿ.”

“ಫಾರ್ಮಿನ್ಯಾಗ ನಾಕು ಇಲ್ಲರೀ!”

“ಫಾರ್ಮ ಮಾಡಿದವರಿಗೆ ನಮ್ಮ ಮನಿ ಏನ ಗೊತ್ತು!”

ಹಂಗಂದು ಆಕೆ ಚಹಾ ಕಾಸಲು ಒಳಗೆ ಹೋದದ್ದೇ ತಡ, ಮುದಕಪ್ಪ ಸಪ್ನಾಳ ಹತ್ತಿರ ಬಗ್ಗಿದ.

“ತಂಗೀ, ಸೊನ್ನಿ ಹೊಡದಹಾಕು. ನಂದು ಎಲ್ಲಾ ಮೂರು. ಎದಿ ಡವಡವ ಅಂತೈತಿ. ತಿಂಗಳಾತು, ನಿದ್ದಿ ಅನ್ನೂದು ಇಲ್ಲ.”

“ಅಯ್ಯ, ಮೊದಲ ಯಾಕ ಹೇಳಲಿಲ್ರಿ?”

“ಆಕಿಗೆ ಗೊತ್ತಾಗಬಾರದು. ಮೊದಲೇ ಚಿಂತಿ ಮಾಡಿ ಮಾಡಿ ಸಣ್ಣಾಗ್ಯಾಳ, ಇದೊಂದು ಯಾಕ ಹೊರಸಲಿ?”

ಏಳು ಮೂರಲೆ ಇಪ್ಪತ್ತೊಂದು! ಸಪ್ನಾಗೆ ಪಾಪ ಅನಿಸಿತು, ಸಣ್ಣಾಗಿದ್ದು ಯಾರು ಅಂತ ಕಣ್ಣಿಗೇ ಕಾಣುತ್ತಿತ್ತು.

ಚಹಾ ಬಂತು.

“ಗುರುವಾರ ಇಬ್ಬರೂ ಸವದತ್ತಿ ದವಾಖಾನಿಗೆ ಬರ್ರಿ,” ಅಂದಳು ಸಪ್ನಾ.

“ನೋಡ, ನಿನ್ನ ಚಿಂತಿ ಸಲುವಾಗಿ ನಾನೂ ಬಸ್ ಹತ್ತಬೇಕಾತು!” ಅಂತ ಹೆಂಡತಿಗೆ ಗದರಿ, ಮುದಕಪ್ಪ ಕಪ್ಪು ಹಿಡಿದುಕೊಂಡು ಹಿತ್ತಲಿಗೆ ನಡೆದ.

ಮಾಯವ್ವ ಸಪ್ನಾಳ ಬಾಜೂಕ ಸರಿದು ಕುಂತಳು.

“ಯವ್ವಾ, ನಂದು ಎಲ್ಲಾ ಸೊನ್ನಿ ಮಾಡು. ದಿಂಬಿಗೆ ತಲಿ ಇಟ್ಟರ ಸಾಕು, ಗೊರಕಿ ಹೊಡೀತೇನಿ.”

“ಮತ್ತ ಮೂರು ಯಾಕ ಬರಸಿದ್ರಿ?”

“ನಾ ಚಿಂತಿ ಮಾಡೂದಿಲ್ಲ ಅಂದ್ರ ಅವರು ಇನ್ನಷ್ಟು ಮಾಡತಾರ. ರಾತ್ರಿ ಎದ್ದೆದ್ದು ಹೋಗಿ ಎಮ್ಮಿ ಹಗ್ಗಕ್ಕ ಗಂಟು ಹಾಕಿ ಬರತಾರ. ಮುಂಜಾನೆದ್ದು ಬಿಚ್ಚಿ ಬಿಚ್ಚಿ ನನ್ನ ಉಗುರು ಹೋದೂವು.”

“ಹಂಗಾರ ನಿಮಗೆಲ್ಲಾ ಗೊತ್ತೈತಿ!”

“ಸಣ್ಣಗ ಮಾತಾಡ. ಗುರುವಾರ ಡಾಕ್ಟರಿಗೆ ಹೇಳಿಡು. ಬೈಯೂದೆಲ್ಲಾ ನನ್ನ ಬೈಲಿ, ಗುಳಿಗಿ ಮಾತ್ರ ಅವರಿಗೆ ಕೊಡಲಿ.”